ಮನೆಮಂದಿಯ ಮಾತು, ಮೊಬೈಲಿನ ದನಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ ‘ದೂರಸಂಪರ್ಕ ಕ್ರಾಂತಿ ಮತ್ತು ಗ್ರಾಮೀಣ ಸಮಾಜ’. ಅಷ್ಟು ದೊಡ್ಡ ವಿಷಯವನ್ನು ಎತ್ತುವ ಶಕ್ತಿ ನನಗಿಲ್ಲ. ನಾನು 1981ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪಾಸಾದವಳು. 1985ರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದೆ. ಅದೇ ವರ್ಷ ಅಂಚೆ-ತಂತಿ ಇಲಾಖೆ ಒಡೆದು ಅಂಚೆ ಬೇರೆ, ದೂರಸಂಪರ್ಕ ಬೇರೆ ಆದವು. ಅಲ್ಲಿಂದ ನಿವೃತ್ತಿಯವರೆಗೆ ನಾನು ಮಾಡಿದ್ದು ಒಂದೇ ಕೆಲಸ: ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವುದು. ಆದ್ದರಿಂದ ಕ್ರಾಂತಿಯನ್ನು ಬಿಟ್ಟು, ಮನೆಯೊಳಗಿನ ಒಂದು ಸಣ್ಣ ತಕರಾರಿನ ಬಗ್ಗೆ ಮಾತಾಡುತ್ತೇನೆಂದು ಕೇಳಿಕೊಂಡೆ. ವಾಟ್ಸಾಪಿನಲ್ಲಿ ಮೈಕಿನ ಚಿತ್ರ ಒತ್ತಿ ಹಿಡಿದು ಮಾತು ಕಳಿಸುತ್ತೇವಲ್ಲ, ವಾಯ್ಸ್ ಮೆಸೇಜು, ಅದರ ತಕರಾರು. ನಮ್ಮ ಓಣಿಯಲ್ಲಿ ಈಗ ಅತ್ತೆ-ಸೊಸೆ, ಅಪ್ಪ-ಮಗ, ಅಕ್ಕ-ತಂಗಿ ಯಾರ ಮುನಿಸನ್ನು ಕೆದಕಿದರೂ ಅದರಡಿ ಇಂಥದೊಂದು ಮೆಸೇಜು ಸಿಗುತ್ತದೆ. “ಕಳಿಸಿದ್ದೆ, ಕೇಳಲೇ ಇಲ್ಲ” ಎಂದು ಒಬ್ಬರು. “ಐದು ನಿಮಿಷದ್ದು ಕಳಿಸಿದ್ರೆ ಯಾರ್ ಕೇಳ್ತಾರ?” ಎಂದು ಇನ್ನೊಬ್ಬರು.

ಇದನ್ನು ಹೇಳಬೇಕಾದರೆ ಮೊದಲು ಕಾಗದದ ಕಾಲಕ್ಕೆ ಹೋಗಬೇಕು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಗೆ ನಾನೇ ಕಾಗದ ಬರೆಯುವವಳು. ಆಗ ಹೈಸ್ಕೂಲು ಹತ್ತಿದ ಹುಡುಗಿಯರು ನಮ್ಮ ತರಗತಿಯಲ್ಲಿ ಏಳೇ ಜನ. ಹೆಂಗಸರು ತಮ್ಮ ಮನೆಯ ಮಾತನ್ನು ಗಂಡುಹುಡುಗರ ಕೈಲಿ ಬರೆಸಲು ನಾಚುತ್ತಿದ್ದರು, ಹಾಗಾಗಿ ಸಂಜೆ ನನ್ನ ಹತ್ತಿರ ಬರುತ್ತಿದ್ದರು. ಕೈಯಲ್ಲಿ ನೀಲಿ ಬಣ್ಣದ ಇನ್‌ಲ್ಯಾಂಡ್ ಲೆಟರು, ಇಲ್ಲವೆ ಕಾರ್ಡು. ಗಂಡ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದಾನೆ, ಮಗ ಮುಂಬೈಯ ಹೋಟೆಲಿನಲ್ಲಿದ್ದಾನೆ, ತಮ್ಮ ಮಿಲಿಟರಿಯಲ್ಲಿದ್ದಾನೆ. ನಾನು ಮೇಲೆ ‘ಕ್ಷೇಮ’ ಎಂದು ಬರೆದು, ‘ತೀರ್ಥರೂಪ’, ‘ಚಿರಂಜೀವಿ’ ಎಂದು ಅವರವರ ವಯಸ್ಸಿಗೆ ತಕ್ಕ ಹಾಗೆ ಕರೆದು, ‘ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು’ ಎಂದು ಹಾಕಿ, ಆಮೇಲೆ “ಹೇಳ್ರಿ” ಅನ್ನುತ್ತಿದ್ದೆ.

ಅವರು ಹೇಳುತ್ತಿದ್ದರು. ಮಳೆ ಆಗಿದೆ ಅಥವಾ ಆಗಿಲ್ಲ. ಎಮ್ಮೆ ಈಯ್ದಿದೆ. ಹೊಲಕ್ಕೆ ಗೊಬ್ಬರ ಹೊಡೆಸಬೇಕು. ಅತ್ತೆಗೆ ಮಂಡಿ ನೋವು. ಹೇಳುತ್ತ ಹೇಳುತ್ತ ಒಂದು ಕಡೆ ನಿಲ್ಲುತ್ತಿದ್ದರು. ಸೆರಗಿನ ತುದಿ ತಿರುವುತ್ತಿದ್ದರು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಒಬ್ಬ ತಾಯಿ, ಆಗ ಅವರಿಗೆ ಇಪ್ಪತ್ತೆರಡು ವರ್ಷ ಇದ್ದಿರಬಹುದು, ಪ್ರತಿ ಸಲವೂ ಹಾಗೆ ನಿಂತು, ನನ್ನ ಮುಖ ನೋಡಿ, “ಬ್ಯಾಡ ಬಿಡವಾ, ಅಷ್ಟ ಸಾಕು, ಮಡಚು” ಅನ್ನುತ್ತಿದ್ದರು. ಗಂಡನಿಗೆ ಏನು ಹೇಳಬೇಕೆಂದಿದ್ದರೋ ಅದನ್ನು ಹದಿನಾಲ್ಕು ವರ್ಷದ ಹುಡುಗಿಯ ಕೈಲಿ ಬರೆಸಲು ಆಗುತ್ತದೆಯೆ? ಆ ಕಾಗದವನ್ನು ಆ ಕಡೆ ಓದಿ ಹೇಳುವವನೂ ಇನ್ನೊಬ್ಬನೇ. ನಡುವೆ ಇಬ್ಬರು ಪರಕೀಯರು. ಹಾಗಾಗಿ ಅಷ್ಟು ಸಾಕು, ಮಡಚು.

ಇನ್ನೊಂದು ಸಂಗತಿ ಗಮನಿಸಿ. ಆ ಕಾಗದಗಳಲ್ಲಿ ಮುಖ್ಯ ಮಾತು ಎಂದೂ ಮೊದಲ ಸಾಲಿನಲ್ಲಿ ಇರುತ್ತಿರಲಿಲ್ಲ. ಮೊದಲು ಎಲ್ಲರ ಕ್ಷೇಮ, ಆಮೇಲೆ ಊರ ಸುದ್ದಿ, ಆಮೇಲೆ ಹೊಲಮನೆ. ಜಾಗ ತೀರುವ ಹೊತ್ತಿಗೆ, ಇನ್‌ಲ್ಯಾಂಡಿನ ಕೊನೆಯ ಮಡಿಕೆಯಲ್ಲಿ, ಅಂಟು ಹಚ್ಚುವ ಅಂಚಿನ ಪಕ್ಕದಲ್ಲಿ ಅಡ್ಡಡ್ಡ ಬರೆದಿರುತ್ತಿತ್ತು: ‘ಮುಖ್ಯವಾಗಿ ತಿಳಿಸುವುದೇನೆಂದರೆ...’ ಅಲ್ಲಿ ಇರುತ್ತಿತ್ತು ಹಣದ ಮಾತು, ಸಾಲದ ಮಾತು, ಯಾರದೋ ಕಾಯಿಲೆಯ ಮಾತು. ಓದುವವರಿಗೂ ಅದು ಗೊತ್ತಿತ್ತು. ಕಾಗದ ಬಂದ ಕೂಡಲೇ ತಿರುಗಿಸಿ ಕೊನೆಯ ಮಡಿಕೆ ನೋಡುವ ಹಿರಿಯರನ್ನು ನಾನು ಕಂಡಿದ್ದೇನೆ. ಈ ಕೊನೆಯ ಮಡಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಗದಕ್ಕೆ ತೀರಾ ತಿರುಗುಮುರುಗಾದದ್ದು ತಂತಿ, ಅಂದರೆ ಟೆಲಿಗ್ರಾಂ. ಅದರಲ್ಲಿ ಕ್ಷೇಮವೂ ಇಲ್ಲ, ಮಳೆಯೂ ಇಲ್ಲ. ಒಂದೊಂದು ಪದಕ್ಕೂ ಕಾಸು. ‘ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ.’ ನಾಲ್ಕೇ ಪದ. ಅದರ ಅರ್ಥ ತಾಯಿ ಹುಷಾರಿಲ್ಲ ಎಂದಲ್ಲ, ತಾಯಿ ಹೋಗಿಬಿಟ್ಟಿದ್ದಾಳೆ ಎಂದು ಬಹಳ ಮಂದಿ ಓದಿಕೊಳ್ಳುತ್ತಿದ್ದರು. ರಜೆ ಸಿಗಲೆಂದು ಸುಮ್ಮನೆ ಹಾಗೆ ತಂತಿ ಕೊಡಿಸಿದವರೂ ಇದ್ದರು, ಹೆಣ್ಣು ನೋಡಲು ಮಗನನ್ನು ಕರೆಸಿದ ಅಪ್ಪಂದಿರೂ ಇದ್ದರು. ಅದು ಬೇರೆ ಕಥೆ. ತಂತಿಯವನು ಸೈಕಲ್ ನಿಲ್ಲಿಸಿದರೆ ಸಾಕು, ಓದುವುದಕ್ಕೆ ಮುಂಚೆಯೇ ಅಳು ಶುರುವಾಗುತ್ತಿತ್ತು.

ಈಗ ನನ್ನ ಕೆಲಸದ ಜಾಗಕ್ಕೆ ಬರುತ್ತೇನೆ. ಮಕ್ಕಳಿಗೆ ಟ್ರಂಕ್ ಕಾಲ್ ಅಂದರೆ ಗೊತ್ತಿರಲಾರದು. ಬೇರೆ ಊರಿಗೆ ಮಾತಾಡಬೇಕೆಂದರೆ 180ಕ್ಕೆ ಫೋನ್ ಮಾಡಿ ಬುಕ್ ಮಾಡಬೇಕಿತ್ತು. ಸಾದಾ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಬಗೆ. ಅವಸರ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಪಿ.ಪಿ. ಕಾಲ್ ಅಂತ ಇನ್ನೊಂದು, ಇಂಥವರೇ ಸಿಕ್ಕರೆ ಮಾತ್ರ ಕೊಡಿ ಎಂದು. ನಾವು ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಎದುರಿನ ಬೋರ್ಡಿನ ತೂತಿಗೆ ವೈರು ಚುಚ್ಚಿ, ಒಂದು ಊರನ್ನು ಇನ್ನೊಂದು ಊರಿಗೆ ಕೂಡಿಸುತ್ತಿದ್ದೆವು. ಲೆಕ್ಕ ಮೂರು ಮೂರು ನಿಮಿಷಕ್ಕೆ. ಮೂರು ನಿಮಿಷ ತುಂಬಿದಾಗ ಮಧ್ಯೆ ಬಾಯಿ ಹಾಕಿ, “ತ್ರೀ ಮಿನಿಟ್ಸ್ ಆಯ್ತು, ಮುಂದುವರಿಸಲಾ?” ಎಂದು ಕೇಳಬೇಕಾಗಿತ್ತು.

ಆ ಮೂರು ನಿಮಿಷದಲ್ಲಿ ಜನ ಹೇಗೆ ಮಾತಾಡುತ್ತಿದ್ದರು ಎಂಬುದು ನನಗೆ ಸಿಕ್ಕ ದೊಡ್ಡ ಪಾಠ. ವ್ಯಾಪಾರಸ್ಥರು ಇಪ್ಪತ್ತು ಸೆಕೆಂಡಿನಲ್ಲಿ ದರ ಹೇಳಿ ಇಟ್ಟುಬಿಡುತ್ತಿದ್ದರು. ಮನೆಯವರದು ಹಾಗಲ್ಲ. ಮೊದಲ ನಿಮಿಷ ಪೂರ್ತಿ “ಹಲೋ, ಹಲೋ, ಕೇಳಸ್ತೈತೇನ?” ಎರಡನೆಯ ನಿಮಿಷ “ಊಟ ಆತೇನ, ಅರಾಮ ಅದೀರೇನ, ಹುಡುಗರು ಅರಾಮ ಅದಾವೇನ?” ಮೂರನೆಯ ನಿಮಿಷ ತುಂಬಿ ನಾನು ಬಾಯಿ ಹಾಕುವಾಗ, “ಅಯ್ಯೋ ತಡೀರಿ, ಹೇಳಬೇಕಾದ್ದು ಈಗ ಹೇಳ್ತೀನಿ!” ಅಂದರೆ ಅವರು ಫೋನಿನಲ್ಲೂ ಇನ್‌ಲ್ಯಾಂಡ್ ಲೆಟರನ್ನೇ ಬರೆಯುತ್ತಿದ್ದರು. ಮಾತಿನ ಕ್ರಮ ಅದೇ, ಮುಖ್ಯವಾದದ್ದು ಕೊನೆಯ ಮಡಿಕೆಯಲ್ಲಿ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. 1984ರಲ್ಲಿ ಸಿ-ಡಾಟ್ ಸಂಸ್ಥೆ ಆರಂಭವಾಗಿ, ಅವರು ತಯಾರಿಸಿದ ಹಳ್ಳಿಯ ಪುಟ್ಟ ಎಕ್ಸ್‌ಚೇಂಜ್ ಮೊಟ್ಟಮೊದಲು 1986ರಲ್ಲಿ ಕೂತದ್ದು ನಮ್ಮ ಕಿತ್ತೂರಿನಲ್ಲಿ. ಕಿತ್ತೂರು ಎಂದರೆ ಚೆನ್ನಮ್ಮನ ಹೆಸರೊಂದೇ ಹೇಳುವವರು ಇದನ್ನೂ ಸೇರಿಸಿಕೊಳ್ಳಲಿ ಎಂದು ನನ್ನ ಆಸೆ. ಆಮೇಲೆ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಬಂದವು. ತಡರಾತ್ರಿ ದರ ಕಾಲು ಭಾಗಕ್ಕೆ ಇಳಿಯುತ್ತದೆಂದು ಹೊದ್ದುಕೊಂಡು ಸಾಲು ನಿಲ್ಲುತ್ತಿದ್ದೆವು, ಕಣ್ಣು ಮಾತ್ರ ಓಡುವ ಕೆಂಪು ಅಂಕಿಗಳ ಮೇಲೆ. 1995ರಲ್ಲಿ ದೇಶಕ್ಕೆ ಮೊಬೈಲ್ ಬಂತು. ಬಂದ ಕರೆಗೂ ದುಡ್ಡು ಕೊಡುವ ಪದ್ಧತಿ 2003ರ ಮೇ ತಿಂಗಳಿಂದ ನಿಂತಿತು. ಆಗ ನಮ್ಮ ಜನ ಕಂಡುಹಿಡಿದದ್ದು ಮಿಸ್ಡ್ ಕಾಲ್. ಒಂದು ರಿಂಗ್ ಆದರೆ ಬಸ್ ಹತ್ತಿದೆ, ಎರಡು ರಿಂಗ್ ಆದರೆ ಇಳಿದೆ, ಯಾರಾದರೂ ಬನ್ನಿ. ಕಾಸಿಲ್ಲದೆ ಸುದ್ದಿ ಮುಟ್ಟಿಸುವ ಈ ವಿದ್ಯೆಗೆ ಯಾವ ಎಂಜಿನಿಯರೂ ಬೇಕಾಗಲಿಲ್ಲ.

ಇದರ ನಡುವೆ ಒಂದು ವಸ್ತು ನಮ್ಮಲ್ಲಿ ಬಂದೂ ಬಾರದ ಹಾಗೆ ಹೋಯಿತು. ವಾಯ್ಸ್ ಮೇಲ್. ಅಮೆರಿಕದಲ್ಲಿ ಮಕ್ಕಳಿರುವವರಿಗೆ ಗೊತ್ತು. ಫೋನ್ ಎತ್ತದಿದ್ದರೆ ಒಂದು ದನಿ, ಬೀಪ್ ಶಬ್ದವಾದ ಮೇಲೆ ನಿಮ್ಮ ಸಂದೇಶ ಹೇಳಿ ಅನ್ನುತ್ತದೆ. ಅಲ್ಲಿಯವರಿಗೆ ಅದೊಂದು ಶಿಸ್ತು. ಹೆಸರು, ನಂಬರು, ಯಾತಕ್ಕೆ ಮಾಡಿದ್ದು, ಯಾವಾಗ ಸಿಗುತ್ತೇನೆ, ಇಷ್ಟು ಹೇಳಿ ಇಡುವುದು. ನಮ್ಮವರು ಆ ಬೀಪ್ ಕೇಳಿದರೆ ಹೆದರಿ ಇಟ್ಟುಬಿಡುತ್ತಿದ್ದರು. ಎದುರಿಗೆ “ಹೂಂ” ಅನ್ನುವವರೇ ಇಲ್ಲದಿದ್ದರೆ ಮಾತು ಹೊರಡುವುದಾದರೂ ಹೇಗೆ? ನನ್ನ ದೊಡ್ಡಪ್ಪ ಒಮ್ಮೆ ಧೈರ್ಯ ಮಾಡಿ ಬೀಪ್ ಆದ ಮೇಲೆ, “ಯಾರ್ರೀ ನೀವು? ನಮ್ಮ ಹುಡುಗನ ಕೈಗೆ ಕೊಡ್ರಿ” ಎಂದು ಗದರಿಸಿದ್ದರು. ಆ ಸಂದೇಶವನ್ನು ಅವರ ಮೊಮ್ಮಗ ಬಹಳ ದಿನ ಅಳಿಸಿರಲಿಲ್ಲವಂತೆ.

2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಿತು. ಮರುತಿಂಗಳೇ, ಆಗಸ್ಟಿನಲ್ಲಿ, ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬಂತು. ಕಾಕತಾಳೀಯವೇ ಸರಿ, ಆದರೆ ಅಂಚೆ-ತಂತಿಯ ಋಣ ಉಂಡ ನನಗೆ ಅದು ಹಾಗೆ ಕಾಣುವುದಿಲ್ಲ. ವಾಯ್ಸ್ ಮೇಲಿಗೆ ಹೆದರಿದ ನಮ್ಮ ತಾಯಂದಿರು ಇದಕ್ಕೆ ಹೆದರಲಿಲ್ಲ. ಇಲ್ಲಿ ಇಂಗ್ಲಿಷ್ ದನಿ ಇಲ್ಲ, ಬೀಪ್ ಇಲ್ಲ. ಒತ್ತಿ ಹಿಡಿ, ಮಾತಾಡು, ಬೆರಳು ಬಿಡು. ಮೂರನೆಯ ಇಯತ್ತೆ ಓದಿದವರಿಗೂ, ಓದೇ ಇಲ್ಲದವರಿಗೂ ಸಾಧ್ಯ.

ನಾನು ಹೇಳಿದೆನಲ್ಲ, “ಅಷ್ಟ ಸಾಕು, ಮಡಚು” ಅನ್ನುತ್ತಿದ್ದ ತಾಯಿ, ಅವರಿಗೆ ಈಗ ಅರವತ್ತೈದು ದಾಟಿದೆ. ಕಳೆದ ವರ್ಷ ನಾನು ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತು ಮಗಳಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಮುಗಿಯುವವರೆಗೆ ನಾನು ದೂರ ನಿಂತೆ. ಹತ್ತಿರ ಬಂದವಳಿಗೆ ನಕ್ಕು, “ಈಗ ನೀ ಬೇಕಾಗಿಲ್ಲ ನೋಡವಾ” ಅಂದರು. ನನಗೆ ಅಷ್ಟು ಸಂತೋಷವಾದದ್ದು ಬೇರೆ ಇಲ್ಲ. ತಮ್ಮ ಮಾತನ್ನು ತಾವೇ, ನಡುವೆ ಯಾರೂ ಇಲ್ಲದೆ, ತಮ್ಮದೇ ಭಾಷೆಯಲ್ಲಿ ಕಳಿಸುವುದು ಅವರ ಜೀವಮಾನದಲ್ಲಿ ಇದೇ ಮೊದಲು. ಇಲ್ಲಿ ಕೂತಿರುವ ಯುವಕರು ಇದನ್ನು ತಿಳಿಯಬೇಕು. ನಿಮಗೆ ಅದು ಐದು ನಿಮಿಷದ ಕಿರಿಕಿರಿ. ಅವರಿಗೆ ಅದು ನಲವತ್ತು ವರ್ಷ ತಡವಾಗಿ ಬಂದ ಪೆನ್ನು.

ಆದರೆ ಕಿರಿಕಿರಿ ಸುಳ್ಳಲ್ಲ. ಒಂದು ಘಟನೆ ಹೇಳುತ್ತೇನೆ. ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಬೇಡ ಅಂದಿದ್ದಾರೆ. ಇದೇ ಶಾಲೆಯಲ್ಲಿ ಓದಿದ ಹುಡುಗ, ಬೆಂಗಳೂರಿನಲ್ಲಿ ಕಂಪನಿ ಕೆಲಸ. ತಾಯಿ ಇಲ್ಲಿ ಒಬ್ಬರೇ. ಒಂದು ದಿನ ಮಧ್ಯಾಹ್ನ ತಾಯಿಯಿಂದ ವಾಯ್ಸ್ ಮೆಸೇಜ್ ಬಂತು, ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಹುಡುಗ ಮೀಟಿಂಗಿನಲ್ಲಿದ್ದ. ಹೊರಗೆ ಬಂದು ನಲವತ್ತು ಸೆಕೆಂಡು ಕೇಳಿದ. ಶೇಂಗಾ ಒಣಗಲು ಹಾಕಿದ್ದು, ಮೋಡ ಆದದ್ದು, ಪಕ್ಕದ ಮನೆಯ ಮದುವೆ ಎಲ್ಲಿಗೆ ಬಂತು ಎಂಬುದು. ಸಂಜೆ ಕೇಳೋಣ ಎಂದು ನಿಲ್ಲಿಸಿದ. ಸಂಜೆ ಮರೆಯಿತು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಪೂರ್ತಿ ಕೇಳಿದ. ಮೂರು ನಿಮಿಷ ಐವತ್ತನೆಯ ಸೆಕೆಂಡಿಗೆ ತಾಯಿ ಹೇಳಿದ್ದರು: “ಮತ್ತ ನಿನ್ನೆ ರಾತ್ರಿಯಿಂದ ಎದಿ ಒಂದೀಟು ಒತ್ತಿ ಹಿಡಿದಂಗ ಆಗತೈತಿ, ಎಡಗೈ ಜೋಮು. ಏನೂ ಇಲ್ಲ ಬಿಡು, ಗ್ಯಾಸು ಇರಬೇಕು. ನೀ ಊಟ ಮಾಡು.”

ಅವನು ಬಸ್ಸಿನಲ್ಲೇ ನಮ್ಮ ಓಣಿಯ ಮೂರು ಮನೆಗೆ ಫೋನ್ ಮಾಡಿದ. ಪಕ್ಕದ ಮನೆಯವರು ಆ ತಾಯಿಯನ್ನು ಕಾರಿನಲ್ಲಿ ಹಾಕಿಕೊಂಡು ಹೋದರು. ಹೃದಯಾಘಾತವೇ ಆಗಿತ್ತು. ಉಳಿದರು. ದೇವರು ದೊಡ್ಡವನು, ನೆರೆಯವರೂ ದೊಡ್ಡವರು.

ಆಮೇಲೆ ಆ ಮನೆಯಲ್ಲಿ ನಡೆದ ಮಾತೇ ನನ್ನನ್ನು ಇಲ್ಲಿ ಈ ವಿಷಯ ಎತ್ತುವಂತೆ ಮಾಡಿದ್ದು. ಮಗ ಕೇಳಿದ, “ಯವ್ವಾ, ಎದಿ ನೋವು ಅಂತ ಮೊದಲ ಹೇಳಬಾರದಿತ್ತ?” ತಾಯಿ ಹೇಳಿದರು, “ಮೊದಲ ಹೇಳಿದ್ರ ನೀ ಗಾಬರಿ ಆಗ್ತಿದ್ದಿ. ಅದಕ್ಕ ಕಡೀಕ ಹೇಳಿದೆ. ಕಡೀಮಟ ನೀ ಕೇಳತಿ ಅಂತ ನಂಗ ಗೊತ್ತಿತ್ತು.” ಇಬ್ಬರಲ್ಲಿ ಯಾರದು ತಪ್ಪು? ತಾಯಿ ತಮಗೆ ಗೊತ್ತಿದ್ದ ಮರ್ಯಾದೆಯಂತೆ ಕಾಗದ ಬರೆದರು, ಮುಖ್ಯ ಮಾತು ಕೊನೆಯ ಮಡಿಕೆಯಲ್ಲಿ. ಮಗ ತನಗೆ ಗೊತ್ತಿದ್ದ ಮರ್ಯಾದೆಯಂತೆ ತಂತಿ ಓದುವವನ ಹಾಗೆ ಓದಿದ, ಅವಸರದ್ದು ಇದ್ದರೆ ಮೊದಲೇ ಇರುತ್ತದೆ ಎಂದು. ಒಂದೇ ಮನೆ, ಒಂದೇ ಭಾಷೆ, ಎರಡು ಬೇರೆ ಬೇರೆ ಅಂಚೆ ಕಚೇರಿ.

ಈ ಒಂದು ಮಾತು ಅರ್ಥವಾದರೆ ಉಳಿದದ್ದು ಸುಲಭ. ಹಿರಿಯರಿಗೆ ನಾನು ಹೇಳುವುದು ಇಷ್ಟೇ: ಶೇಂಗಾದ ಸುದ್ದಿ ಬಿಡಬೇಡಿ, ಮದುವೆಯ ಸುದ್ದಿಯನ್ನೂ ಬಿಡಬೇಡಿ, ಅದಿಲ್ಲದಿದ್ದರೆ ಮನೆಯ ಮಾತು ಹೇಗಾದೀತು? ಆದರೆ ಮೈಕು ಒತ್ತಿದ ಕೂಡಲೇ ಒಂದು ಸಾಲು ಹೇಳಿ. “ಅವಸರ ಏನಿಲ್ಲ, ಪುರುಸೊತ್ತಾದಾಗ ಕೇಳು” ಅನ್ನಿ. ಅಥವಾ “ಇದನ್ನ ಕೇಳಿದ ಕೂಡ್ಲೆ ಫೋನ್ ಮಾಡು” ಅನ್ನಿ. ಟ್ರಂಕ್ ಕಾಲಿನಲ್ಲಿ ಸಾದಾ, ಅರ್ಜೆಂಟು ಎಂದು ನೀವೇ ಬುಕ್ ಮಾಡುತ್ತಿರಲಿಲ್ಲವೆ? ಹಾಗೆಯೇ. ಮೈ ಹುಷಾರಿಲ್ಲದ ಮಾತನ್ನಂತೂ ವಾಯ್ಸ್ ಮೆಸೇಜಿನಲ್ಲಿ ಹಾಕಲೇಬೇಡಿ. ಫೋನ್ ಮಾಡಿ. ಅವರು ಎತ್ತದಿದ್ದರೆ ಮತ್ತೆ ಮಾಡಿ. ಮತ್ತೂ ಎತ್ತದಿದ್ದರೆ ಪಕ್ಕದ ಮನೆಯ ಬಾಗಿಲು ಬಡಿಯಿರಿ. ಮಗ ಗಾಬರಿಯಾಗಲಿ, ಅದರಿಂದ ಯಾರೂ ಸತ್ತಿಲ್ಲ. ಎದೆ ಹಿಡಿದುಕೊಂಡರೆ ಮೊದಲು ಆಂಬುಲೆನ್ಸಿನ 108, ಆಮೇಲೆ ಮಗ.

ಇನ್ನೊಂದು. ಬ್ಯಾಂಕಿನ ಖಾತೆ ನಂಬರು, ಗ್ಯಾಸಿನ ನಂಬರು, ಪಹಣಿಯ ಸರ್ವೆ ನಂಬರು ಇವನ್ನು ಬಾಯಲ್ಲಿ ಹೇಳಿ ಕಳಿಸಿದರೆ ಕೇಳುವವರು ಪೆನ್ನು ಹುಡುಕಿ ನಾಲ್ಕು ಸಲ ಹಿಂದೆಮುಂದೆ ಮಾಡಬೇಕಾಗುತ್ತದೆ. ಮೊಮ್ಮಕ್ಕಳ ಕೈಲಿ ಪಾಸ್‌ಬುಕ್ಕಿನ ಫೋಟೋ ತೆಗೆಸಿ ಮಗನಿಗೆ ಮಾತ್ರ ಕಳಿಸಿ. ಓ.ಟಿ.ಪಿ. ಯಾರಿಗೂ ಹೇಳಬೇಡಿ, ಮಗನೆಂದು ಹೇಳಿಕೊಂಡು ಬಂದ ದನಿಗೂ ಬೇಡ.

ಇನ್ನು ಕಿರಿಯರಿಗೆ. ಕೊನೆಯವರೆಗೆ ಕೇಳಿ. 2021ರಿಂದ ಅದರಲ್ಲಿ ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯ ಇದೆ. ಅದನ್ನು ಬಳಸುವುದು ಅಗೌರವ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಅಜ್ಜಿಯ ದನಿ ಬ್ಯಾಡಗಿ ಮೆಣಸಿನಕಾಯಿ ಹರಾಜಿನ ಹಾಗೆ ಕೇಳುತ್ತದೆ, ಕೇಳಲಿ. ಪೂರ್ತಿ ಕೇಳದೆ ಬಿಡುವುದಕ್ಕಿಂತ ಅದು ಸಾವಿರ ಪಾಲು ಮೇಲು. ಉತ್ತರವನ್ನು ಮಾತ್ರ ಹೆಬ್ಬೆಟ್ಟಿನ ಚಿತ್ರದಲ್ಲಿ ಮುಗಿಸಬೇಡಿ. ಓದಲು ಬಾರದ ತಾಯಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಕಳಿಸುವ ಮಕ್ಕಳಿದ್ದಾರೆ. ಆಕೆ ಅದನ್ನು ಹಿಡಿದುಕೊಂಡು ಓಣಿಯ ಹುಡುಗರ ಹತ್ತಿರ ಹೋಗಬೇಕು, ಮತ್ತೆ ನಡುವೆ ಮೂರನೆಯವರು. ದನಿಗೆ ದನಿಯಲ್ಲೇ ಹತ್ತು ಸೆಕೆಂಡಿನ ಉತ್ತರ ಕೊಡಿ. “ಕೇಳಿದೆ ಯವ್ವಾ, ರಾತ್ರಿ ಫೋನ್ ಮಾಡ್ತೀನಿ.” ಸಾಕು.

ಅಪ್ಪಂದಿರ ಬಗ್ಗೆ ಹೇಳುವುದು ಸ್ವಲ್ಪ ಕಷ್ಟ. ನಮ್ಮ ಕಡೆಯ ಗಂಡಸರು ಹೊಲದಲ್ಲಿ ಎತ್ತುಗಳ ಜೊತೆ ಇಡೀ ದಿನ ಮಾತಾಡುತ್ತಾರೆ. ಫೋನಿನಲ್ಲಿ ಮಗಳು ಸಿಕ್ಕರೆ, “ಹೂಂ. ಅರಾಮ. ತಡಿ, ಅವ್ವಗ ಕೊಡ್ತೀನಿ.” ಮೂವತ್ತೈದು ವರ್ಷ ಹೆಡ್‌ಸೆಟ್ ಹಾಕಿಕೊಂಡ ನಾನು ಹೇಳುತ್ತೇನೆ, ಆ “ಹೂಂ”ನಲ್ಲಿ ಬಹಳ ಇರುತ್ತದೆ. ನನಗೆ ಗೊತ್ತಿರುವ ಒಬ್ಬ ತಂದೆ ದಿನಾ ರಾತ್ರಿ ಎಂಟಕ್ಕೆ ಮಗಳಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ಕರೆ ಪುಕ್ಕಟೆಯಾಗಿರುವ ಈ ಕಾಲದಲ್ಲೂ. ಅವಳು ತಿರುಗಿ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಇಬ್ಬರೂ ಊಟಕ್ಕೆ ಕೂರುತ್ತಾರೆ. ಅಂಥವರನ್ನು ವಾಯ್ಸ್ ಮೆಸೇಜ್ ಮಾಡಿ ಎಂದು ಪೀಡಿಸಬೇಡಿ. ಅವರ ಅಂಚೆ ಕಚೇರಿ ಚೆನ್ನಾಗಿಯೇ ನಡೆದಿದೆ.

ಅಮೆರಿಕದಲ್ಲಿ ಇರುವವರ ಮನೆಗಳಲ್ಲಿ ಈ ಮೆಸೇಜು ನಿಜವಾಗಿ ಉಪಕಾರ ಮಾಡಿದೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದೆ ತಿರುಗಿಸಿದಾಗ, ಮಗ ಒಂದು ತಾಸು ತಡವಾಗಿ ಫೋನ್ ಮಾಡಿದನೆಂದು ಅತ್ತ ತಾಯಂದಿರಿದ್ದಾರೆ. ಇಲ್ಲಿ ಹಾಲು ಕರೆಯುವ ಹೊತ್ತಿಗೆ ಹೇಳಿದ್ದು ಅಲ್ಲಿ ಅವರು ಬಿಡುವಾದಾಗ ಕೇಳಿಸುತ್ತದೆ. ಯಾರೂ ನಿದ್ದೆ ಕೆಡಬೇಕಿಲ್ಲ.

ಈಗ ಸ್ವಲ್ಪ ಕಹಿ ಮಾತು. ನಾವು ಆಪರೇಟರುಗಳು ಲೈನಿನಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿರಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಅದು ಅಪರಾಧ. ಯಾರ ಸಂಬಂಧ ಮುರಿಯಿತು, ಯಾರ ಅಂಗಡಿ ದಿವಾಳಿಯಾಯಿತು, ಎಷ್ಟೋ ಕಿವಿಗೆ ಬಿದ್ದಿವೆ. ಒಂದೂ ಬಾಯಿಗೆ ಬಂದಿಲ್ಲ, ನನ್ನ ಯಜಮಾನರ ಹತ್ತಿರವೂ. ಈಗ ನೋಡಿದರೆ ಬಸ್ಸಿನಲ್ಲಿ, ಸಂತೆಯಲ್ಲಿ ಎಲ್ಲರೂ ಸ್ಪೀಕರಿನಲ್ಲಿ ಮನೆಯ ಮೆಸೇಜು ಕೇಳುತ್ತಾರೆ. ಹೊಸದಾಗಿ ಮದುವೆಯಾದ ಹುಡುಗಿಗೆ ಆಕೆಯ ತಾಯಿ ಹೇಳಿದ ಗುಟ್ಟಿನ ಮಾತನ್ನು ಇಡೀ ಅತ್ತೆಮನೆ ಕೇಳಿಸಿಕೊಂಡ ಪ್ರಕರಣ ನಮ್ಮ ಬಳಗದಲ್ಲೇ ಆಗಿದೆ. ಫೋನನ್ನು ಕಿವಿಗೆ ಹಿಡಿದರೆ ಆ ಮೆಸೇಜು ಕಿವಿಯೊಳಗೇ ಮೆಲ್ಲಗೆ ಕೇಳುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಮನೆಯಲ್ಲಿ ಒಂದೇ ಫೋನು, ಅದು ಮೊಮ್ಮಗನ ಕೈಯಲ್ಲಿ ಎಂದು ಗೊತ್ತಿದ್ದರೆ ಗುಟ್ಟು ಕಳಿಸಬೇಡಿ.

ಸಿಟ್ಟಿನ ಮಾತು ಇನ್ನೂ ಅಪಾಯ. ಕಾಗದ ಬರೆದ ಸಿಟ್ಟು ಬೆಳಿಗ್ಗೆ ಡಬ್ಬಿಗೆ ಹಾಕುವ ಹೊತ್ತಿಗೆ ಇಳಿದಿರುತ್ತಿತ್ತು, ಹರಿದು ಒಲೆಗೆ ಹಾಕುತ್ತಿದ್ದರು. ಎದುರಾಎದುರು ಬೈದದ್ದು ಗಾಳಿಗೆ ಹೋಗುತ್ತಿತ್ತು. ವಾಯ್ಸ್ ಮೆಸೇಜಿನಲ್ಲಿ ಬೈದದ್ದು ಅಲ್ಲೇ ಕೂತಿರುತ್ತದೆ, ಅದೇ ದನಿಯಲ್ಲಿ, ಅದೇ ಬಿಸಿಯಲ್ಲಿ. ಹೊಲದ ಪಾಲಿನ ವಿಷಯದಲ್ಲಿ ಅಣ್ಣ ರಾತ್ರಿ ಹನ್ನೊಂದಕ್ಕೆ ತಮ್ಮನಿಗೆ ಕಳಿಸಿದ ಒಂದು ನಿಮಿಷದ ಮೆಸೇಜು ಮರುದಿನ ಹತ್ತು ಮನೆಗೆ ಫಾರ್ವರ್ಡ್ ಆಗಿ, ಹಿರಿಯರ ಪಂಚಾಯ್ತಿಯಲ್ಲಿ ಎಲ್ಲರ ಮುಂದೆ ಹಚ್ಚಿ ಕೇಳಿಸಿದ್ದನ್ನು ನಾನೇ ನೋಡಿದ್ದೇನೆ. ಜಗಳ ಬಗೆಹರಿಯಿತು, ಪಾಲೂ ಆಯಿತು. ಆದರೆ ಆ ಮನೆಯಲ್ಲಿ ಅಣ್ಣತಮ್ಮಂದಿರು ಇನ್ನೂ ಒಂದು ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ. ಬೆರಳು ಒತ್ತಿರುವಾಗಲೇ ಎಡಕ್ಕೆ ಜಾರಿಸಿದರೆ ಹೇಳಿದ್ದು ಅಳಿದುಹೋಗುತ್ತದೆ, ಯಾರಿಗೂ ಮುಟ್ಟುವುದಿಲ್ಲ. ಸಿಟ್ಟು ಬಂದಾಗ ಪೂರ್ತಿ ಹೇಳಿ, ಆಮೇಲೆ ಎಡಕ್ಕೆ ಜಾರಿಸಿ.

ಕೊನೆಯದಾಗಿ ಒಂದು ಕೆಲಸದ ವಿಷಯ. ಈ ಮಹೋತ್ಸವಕ್ಕಾಗಿ ಸಮಿತಿಯವರು ಬರಲಾಗದ ಹಳೆಯ ಗುರುಗಳಿಂದ ವಾಯ್ಸ್ ಮೆಸೇಜ್ ತರಿಸಿದ್ದರು, ಬೆಳಿಗ್ಗೆ ನೀವೆಲ್ಲ ಕೇಳಿದಿರಿ. ನಮಗೆ ಗಣಿತ ಹೇಳಿದ ಗುರುಗಳದು ಐವತ್ತೆಂಟು ಸೆಕೆಂಡು. ಹೆಸರು, ಈ ಶಾಲೆಯಲ್ಲಿ ಇದ್ದ ವರ್ಷಗಳು, ಕೆಮ್ಮು, ಆಮೇಲೆ “ಎಲ್ಲರೂ ಬರಕೊಂಡ್ರೇನು?” ಸಭೆಯಲ್ಲಿ ಅರವತ್ತು ದಾಟಿದವರೆಲ್ಲ ಒಟ್ಟಿಗೆ “ಹೌದ್ರೀ ಸರ್” ಅಂದಿರಿ. ಅವರು ಅದನ್ನು ಕಳಿಸಿ ಮೂರು ವಾರಕ್ಕೆ ತೀರಿಕೊಂಡರು. ಅವರ ಮಗಳು ಈ ಸಭೆಗೆ ಬಂದಿದ್ದಾರೆ. ಅಪ್ಪನ ದನಿ ತಮ್ಮ ಹತ್ತಿರ ಒಂದೂ ಇಲ್ಲ, ಹಳೆಯ ಫೋನಿನ ಜೊತೆಗೆ ಹೋಯಿತು, ಇದನ್ನು ನನಗೆ ಕೊಡುತ್ತೀರಾ ಎಂದು ಕೇಳಿದರು. ಆಗಲೇ ಅವರ ಫೋನಿಗೆ ಕಳಿಸಿದ್ದಾರೆ.

ನಿಮ್ಮ ಫೋನುಗಳಲ್ಲೂ ಇಂಥ ದನಿಗಳು ಇರುತ್ತವೆ, ಇದ್ದವರದೂ ಇಲ್ಲದವರದೂ. ಬ್ಯಾಕಪ್ ಇಡದೆ ಫೋನು ಬದಲಿಸಿದರೆ, ನೀರಿಗೆ ಬಿದ್ದರೆ, ಜಾಗ ಸಾಲದೆಂದು ಯಾರಾದರೂ ಎಲ್ಲವನ್ನೂ ಒರೆಸಿದರೆ ಹೋಗುತ್ತವೆ. ಬೇಕಾದ ಮೆಸೇಜನ್ನು ಒತ್ತಿ ಹಿಡಿದು, ಶೇರ್ ಎಂಬುದನ್ನು ಮುಟ್ಟಿ, ಇಮೇಲಿಗೋ ಬೇರೆ ಕಡೆಗೋ ಕಳಿಸಿ ಇಟ್ಟರೆ ಉಳಿಯುತ್ತವೆ. ಹತ್ತನೆಯ ತರಗತಿಯ ಎಂಟು ಮಕ್ಕಳಿಗೆ ಇದನ್ನು ನಾನು ನಿನ್ನೆ ಹೇಳಿಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಅರ್ಧ ಅವರೇ ನನಗೆ ಹೇಳಿಕೊಟ್ಟರು. ಊಟವಾದ ಮೇಲೆ ಅವರು ಪಶ್ಚಿಮದ ಕೊನೆಯ ಕೊಠಡಿಯಲ್ಲಿ, ಹಿಂದೆ ನಮ್ಮ ಒಂಬತ್ತನೆಯ ತರಗತಿ ಇದ್ದಲ್ಲಿ, ಕೂತಿರುತ್ತಾರೆ. ಯಾರ ಮೆಸೇಜನ್ನೂ ತೆರೆದು ಕೇಳುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾರೆ. ಯಾವುದು ಬೇಕೆಂದು ನೀವು ಬೆರಳಿಟ್ಟು ತೋರಿಸಿದರೆ ಸಾಕು. ಸಂಜೆ ಐದರವರೆಗೆ ಇರುತ್ತಾರೆ. ಫೋನಿನಲ್ಲಿ ಚಾರ್ಜ್ ಇಲ್ಲದವರು ಈಗಲೇ ಆಫೀಸಿನ ಕೋಣೆಯಲ್ಲಿ ಹಚ್ಚಿ ಬನ್ನಿ, ಅಲ್ಲಿ ಆರು ಪ್ಲಗ್ಗು ಇವೆ.